ಫೆಂಬೋರಿಂಗ್ 1:20 ಮರದ ಕಿಟ್: ಪೆಟ್ಟಿಗೆ ಸರಿ, ಕೈಪಿಡಿ ತಲೆಕೆಳಗು

ಫೆಂಬೋರಿಂಗ್ ಎಂಬ ನಾರ್ವೆಯ ಹಾಯಿದೋಣಿಯನ್ನು ಇಪ್ಪತ್ತರಲ್ಲೊಂದು ಅಳತೆಯಲ್ಲಿ ಕಟ್ಟುವ ಈ ಕಿಟ್ ಕೊಳ್ಳಬಹುದು. ಆದರೆ ಕೈಪಿಡಿಯ 3ನೆಯ ಹಂತಕ್ಕೆ ಬಂದಾಗ ಕೈ ತಡೆಯಿರಿ. ಪಕ್ಕೆಗಳನ್ನೆಲ್ಲ (ಒಳಗಿನ ಅಡ್ಡ ಬಾಗುಮರಗಳು) ಮೊದಲು ಅಡಿಮರಕ್ಕೆ (ತಳದ ಉದ್ದ ಮರ) ಅಂಟಿಸಿ, ಆಮೇಲೆ ಹಲಗೆ ಹೊದಿಸಿರಿ ಎಂದು ಅಲ್ಲಿ ಬರೆದಿದೆ. ಈ ದೋಣಿ ಹಾಗೆ ಹುಟ್ಟುವುದಲ್ಲ. ನಾರ್ವೆಯ ಉತ್ತರ ಕರಾವಳಿಯ ಬಡಿಗರು ಹಲಗೆಗೆ ಹಲಗೆ ಜೋಡಿಸಿ ಮೊದಲು ಚಿಪ್ಪು ಕಟ್ಟುತ್ತಿದ್ದರು. ಪಕ್ಕೆ ಆಮೇಲೆ ಆ ಚಿಪ್ಪಿನ ಅಳತೆಗೆ ಕೆತ್ತಿಸಿಕೊಂಡು ಒಳಗೆ ಕೂರುತ್ತಿತ್ತು. ಕಟ್ಟುವಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಕ್ರಮವನ್ನು ತಿರುಗಿಸಿದ್ದರಿಂದಲೇ ಬರುತ್ತವೆ. ಹಲಗೆಯ ಗೆರೆ ಹಾವಿನಂತೆ ಅಂಕುಡೊಂಕಾಗುತ್ತದೆ, ಮೂತಿಯ ಹತ್ತಿರ ಸಂದು ಬಿಡುತ್ತದೆ, ಎಡಗಡೆಗೂ ಬಲಗಡೆಗೂ ತಾಳೆಯಾಗುವುದಿಲ್ಲ. ಮರ ಕೆಟ್ಟದ್ದೆಂದು ಬೈಯುವವರೇ ಹೆಚ್ಚು. ಅದರಲ್ಲಿ ಮರದ ತಪ್ಪು ಕಡಿಮೆ.

ಯಾವ ದೋಣಿ ಎಂದು ಗೊತ್ತಿಲ್ಲದೆ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ವೈಕಿಂಗ್ ಹಡಗು ಅಂದುಕೊಳ್ಳುವವರಿಗೆ ಒಂದು ಮಾತು. ಡ್ರ್ಯಾಗನ್ ತಲೆ, ಸಾಲು ಗುರಾಣಿ ಯಾವುದೂ ಇದರಲ್ಲಿ ಇಲ್ಲ. ಫೆಂಬೋರಿಂಗ್ ಮೀನುಗಾರರ ದೋಣಿ. ನಾರ್ಡ್‌ಲ್ಯಾಂಡ್ ದೋಣಿಗಳ ಮನೆತನದಲ್ಲಿ ನಾಲ್ಕು ಹುಟ್ಟಿನ ಫೇರಿಂಗ್ ಕಿರಿಯದು, ಫೆಂಬೋರಿಂಗ್ ಹಿರಿಯದು. ಉದ್ದ ಸುಮಾರು 11ರಿಂದ 13 ಮೀಟರ್. ದೋಣಿಯ ಗಾತ್ರವನ್ನು ಎಷ್ಟು ‘ಕೋಣೆ’, ಎಷ್ಟು ಹುಟ್ಟು ಎಂದು ಎಣಿಸುತ್ತಿದ್ದರು. ಕೋಣೆ ಎಂದರೆ ಒಬ್ಬ ಕೂತು ಹುಟ್ಟು ಹಾಕುವಷ್ಟು, ಎರಡು ಪಕ್ಕೆಗಳ ನಡುವಿನ ಜಾಗ. ಜನವರಿಯಿಂದ ಏಪ್ರಿಲ್‌ವರೆಗೆ ಬಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಲೋಫೋಟೆನ್ ದ್ವೀಪಗಳ ಕಡೆ ಇಳಿದು ಬರುತ್ತದೆ. ಅದನ್ನು ಹಿಡಿಯಲು ದಕ್ಷಿಣದ ಕೊಲ್ಲಿಗಳ ಜನ ಐದಾರು ಮಂದಿ ಒಂದು ದೋಣಿಯಲ್ಲಿ, ನಡುಚಳಿಯಲ್ಲಿ, ನೂರಾರು ಕಿಲೋಮೀಟರ್ ಹಾಯಿ ಕಟ್ಟಿ ಹೋಗುತ್ತಿದ್ದರು. ಉಳಿದ ದಿನ ಅದೇ ದೋಣಿ ಸಾಮಾನು ಸಾಗಿಸುತ್ತಿತ್ತು, ಜನರನ್ನು ಚರ್ಚಿಗೆ, ಸಂತೆಗೆ ಒಯ್ಯುತ್ತಿತ್ತು. ಒಣಗಿಸಿದ ಮೀನನ್ನು ಬೆರ್ಗೆನ್ ಪೇಟೆಗೆ ಮುಟ್ಟಿಸುವ ದೊಡ್ಡ ಸರಕು ದೋಣಿ ಬೇರೆ, ಅದರ ಹೆಸರು ಯೆಕ್ಟ್. 1876ರಲ್ಲಿ ಕಟ್ಟಿದ ‘ಅನ್ನಾ ಕರೋಲಿನೆ’ ಎಂಬ ಯೆಕ್ಟ್ ಬೋಡೋ ಊರಿನ ಮ್ಯೂಸಿಯಂನಲ್ಲಿದೆ. ಸರಕು ದೋಣಿಯೇ ಬೇಕೆನ್ನುವವರು ಈ ಕಿಟ್ ತಗೊಂಡರೆ ನಿರಾಶೆ.

ನಮ್ಮ ಕೃಷ್ಣಾ, ಮಲಪ್ರಭಾ ದಂಡೆಯ ಹರಿಗೋಲು ಕಂಡವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಹರಿಗೋಲಿನಲ್ಲಿ ಬಿದಿರಿನ ನೇಯ್ಗೆ ಬಲ ಕೊಡುತ್ತದೆ, ಮೇಲಿನ ಹೊದಿಕೆ ಮತ್ತು ಡಾಂಬರು ನೀರು ತಡೆಯುತ್ತವೆ. ಎರಡೂ ಬೇರೆ ಬೇರೆ ಕೆಲಸ. ಫೆಂಬೋರಿಂಗ್‌ನಲ್ಲಿ ಹಲಗೆಯ ಚಿಪ್ಪೇ ಬಲ, ಚಿಪ್ಪೇ ಹೊದಿಕೆ. ಹೆಂಚಿನ ಸಾಲಿನಂತೆ ಮೇಲಿನ ಹಲಗೆ ಕೆಳಗಿನದರ ಅಂಚಿನ ಮೇಲೆ ಹೊರಗಿನಿಂದ ಏರಿ ಕೂರುತ್ತದೆ. ಆ ಏರಿದ ಅಂಚಿನ ಉದ್ದಕ್ಕೂ ಕಬ್ಬಿಣದ ರಿವೆಟ್, ನಡುವೆ ಟಾರಿನಲ್ಲಿ ಅದ್ದಿದ ಉಣ್ಣೆಯ ನೂಲು. ಕ್ಲಿಂಕರ್ ಎಂದು ಕರೆಯುವ ಈ ಕಟ್ಟಣೆಯನ್ನು 2021ರಲ್ಲಿ ಯುನೆಸ್ಕೊ ಐದು ನಾರ್ಡಿಕ್ ದೇಶಗಳ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲಗೆ ಅಗಲ, ತೆಳುವು, ಹಗುರ. ಅಲೆ ಬಡಿದರೆ ಇಡೀ ದೋಣಿ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ.

ಪೆಟ್ಟಿಗೆ ಬಿಚ್ಚಿದರೆ ಮೊದಲು ಖುಷಿಯಾಗುತ್ತದೆ. ಲಿಂಡೆನ್ ಮರದ 1 ಮಿ.ಮೀ. ಹಾಳೆಗಳಲ್ಲಿ ಲೇಸರ್‌ನಿಂದ ಕತ್ತರಿಸಿದ ಹಲಗೆಗಳಿವೆ, ಒಂದು ಬದಿಗೆ ಏಳು. ಮೂಲ ದೋಣಿಯ ಹಲಗೆ ಎರಡು ಸೆಂಟಿಮೀಟರ್ ಆಸುಪಾಸು ಎಂದು ಹಿಡಿದರೆ 1:20ಕ್ಕೆ 1 ಮಿ.ಮೀ. ಸರಿಯಾದ ಲೆಕ್ಕ. ಬಹಳ ಕಿಟ್‌ಗಳು ಇಲ್ಲಿಯೇ ಸೋಲುತ್ತವೆ, 2 ಮಿ.ಮೀ. ಪ್ಲೈವುಡ್ ಕೊಟ್ಟು ದೋಣಿಯನ್ನು ದನದ ಗೋದಲಿಯಂತೆ ದಪ್ಪ ಮಾಡಿಬಿಡುತ್ತವೆ. ಲೇಸರ್ ಸುಟ್ಟ ಅಂಚೂ ತೆಳುವಾಗಿದೆ, 220 ನಂಬರಿನ ಪಾಲಿಶ್ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಅದನ್ನು ಉಜ್ಜದೆ ಅಂಟು ಹಾಕಬೇಡಿ. ಸುಟ್ಟ ಅಂಚಿನ ಮೇಲೆ ಫೆವಿಕಾಲ್ ನೆಚ್ಚಿಕೆಯಾಗಿ ಹಿಡಿಯುವುದಿಲ್ಲ.

ಪಕ್ಕೆಗಳು, ಅಡಿಮರ, ಎರಡೂ ತುದಿಯ ಎತ್ತರದ ನಿಲುಮರಗಳು ಪ್ಲೈವುಡ್. ಪ್ಲೈವುಡ್‌ನ ಪದರ ಅಂಚಿನಲ್ಲಿ ಕಾಣುತ್ತದೆ. ಬಣ್ಣ ಬಳಿಯುವ ಮಾದರಿಯಾದರೆ ನಡೆಯುತ್ತಿತ್ತು, ಎಣ್ಣೆ ಹಚ್ಚುವ ಈ ದೋಣಿಗೆ ನಡೆಯುವುದಿಲ್ಲ. ನಿಲುಮರ ಎರಡನ್ನೂ ಗಟ್ಟಿ ಮರದಲ್ಲಿ ಹೊಸದಾಗಿ ಕತ್ತರಿಸಿಕೊಳ್ಳುವುದು ಒಳ್ಳೆಯದು. ಕಿಟ್‌ನದನ್ನೇ ಅಚ್ಚಾಗಿ ಇಟ್ಟು ಗೆರೆ ಎಳೆದರೆ ಸಾಕು. ಅಡಿಮರ ಹೇಗೂ ಹಲಗೆಯ ಹಿಂದೆ ಮರೆಯಾಗುತ್ತದೆ, ಕೆಳಗಿನ ಅಂಚಿಗೆ ತೆಳು ಪಟ್ಟಿ ಅಂಟಿಸಿ ಮುಚ್ಚಬಹುದು.

ಯಾವ ಮರ ಎಂದು ಕೇಳುವವರಿಗೆ: ಮೂಲ ದೋಣಿಗಳು ಸ್ಪ್ರೂಸ್ ಅಥವಾ ಪೈನ್. ಸ್ಪ್ರೂಸ್ ಮರ ತಾನಾಗಿ ಬೆಳೆಯುವ ಗಡಿ ನಾರ್ವೆಯಲ್ಲಿ ಸಾಲ್ಟ್‌ಫ್ಯೆಲ್ ಬೆಟ್ಟಸಾಲಿನ ಹತ್ತಿರ ಮುಗಿಯುತ್ತದೆ. ಅದರ ದಕ್ಷಿಣದ ರಾನಾ ಕಡೆ ಸ್ಪ್ರೂಸ್, ಉತ್ತರದ ಸಾಲ್ಟ್‌ಡಾಲ್ ಕಡೆ ಪೈನ್. ಲೋಫೋಟೆನ್‌ನಲ್ಲಿ ದೋಣಿಗಾಗುವಂಥ ಕಾಡೇ ಇಲ್ಲದ್ದರಿಂದ ಒಳನಾಡಿನ ಕೊಲ್ಲಿಗಳಲ್ಲಿ ಕಟ್ಟಿ ಮಾರುತ್ತಿದ್ದರು. ಬೆಳಗಾವಿಯಲ್ಲಿ ಪೈನ್ ಹುಡುಕುವುದು ಕಷ್ಟವಲ್ಲ. ಉದ್ಯಮಬಾಗದ ಕಾರ್ಖಾನೆಗಳಿಗೆ ಹೊರದೇಶದ ಯಂತ್ರಗಳು ಬರುವ ಪ್ಯಾಕಿಂಗ್ ಪೆಟ್ಟಿಗೆಗಳೆಲ್ಲ ಹೆಚ್ಚಾಗಿ ಪೈನ್, ಸ್ಪ್ರೂಸ್ ಜಾತಿಯವೇ. ಗುಜರಿಯಲ್ಲಿ ಸಿಗುತ್ತವೆ. ಹಲಗೆಯ ಮೇಲೆ ‘ಎಚ್‌ಟಿ’ ಮುದ್ರೆ ಇದ್ದರೆ ಕಾಯಿಸಿ ಹುಳು ಕೊಂದದ್ದು, ತಗೊಳ್ಳಿ. ‘ಎಂಬಿ’ ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದ್ದು, ಬಿಡಿ. ಉಂಗುರದ ಗೆರೆಗಳು ಒತ್ತೊತ್ತಾಗಿರುವ ತುಂಡನ್ನೇ ಆರಿಸಿ, ಅಗಲ ಗೆರೆ ಇದ್ದರೆ 1:20ರಲ್ಲಿ ಮರ ಹುಲಿಪಟ್ಟೆಯಂತೆ ಕಾಣುತ್ತದೆ. ಬ್ಯಾಂಡ್ ಸಾ ಇರುವ ಬಡಿಗೇರ ಹತ್ತಿರ 2 ಮಿ.ಮೀ.ಗೆ ಸೀಳಿಸಿ, ರಂದಾ ಹೊಡೆದು ಇಳಿಸಿಕೊಂಡರೆ ನಿಲುಮರದ ಮೇಲುಪಟ್ಟಿ, ಅಡ್ಡಮಣೆ, ಒಳಹಲಗೆ ಎಲ್ಲಕ್ಕೂ ಸಾಕಾಗುತ್ತದೆ. ಪಕ್ಕದ ಹಲಗೆಗಳಿಗೆ ಕಿಟ್‌ನ ಲಿಂಡೆನ್ನೇ ಇರಲಿ. ಎಣ್ಣೆ ಹಚ್ಚಿದ ಮೇಲೆ ಬಣ್ಣದಲ್ಲಿ ಹೊಂದಿಕೊಳ್ಳುತ್ತದೆ.

ಈಗ ಹಲಗೆ. ಕಿಟ್‌ನ ಜೀವ ಇದರಲ್ಲಿದೆ, ಆದ್ದರಿಂದ ಸಮಯವೂ ಇಲ್ಲಿಯೇ ಹೋಗಲಿ.

ಒಂಬತ್ತು ಪಕ್ಕೆಗಳಿಗೂ ಲೇಸರ್‌ನಿಂದಲೇ ಮೆಟ್ಟಿಲು ಕೆತ್ತಿ ಕೊಟ್ಟಿದ್ದಾರೆ, ಪ್ರತಿ ಹಲಗೆ ತನ್ನ ಮೆಟ್ಟಿಲಲ್ಲಿ ಕೂರಲಿ ಎಂದು. ಕಾಗದದ ಮೇಲೆ ಚಂದ. ಮೇಜಿನ ಮೇಲೆ ಪಕ್ಕೆ ಅರ್ಧ ಮಿ.ಮೀ. ಓರೆಯಾಗಿ ಅಂಟಿದರೂ ಅದರ ಮೆಟ್ಟಿಲುಗಳೆಲ್ಲ ಅರ್ಧ ಮಿ.ಮೀ. ತಪ್ಪುತ್ತವೆ. ಹಲಗೆ ಆ ತಪ್ಪಿಗೆ ಬಗ್ಗಿ ಕೂರುತ್ತದೆ, ಮುಂದಿನ ಹಲಗೆ ಆ ಬಗ್ಗಿದ್ದರ ಮೇಲೆ. ಐದನೆಯ ಹಲಗೆಗೆ ಬರುವಷ್ಟರಲ್ಲಿ ಬರಿಗಣ್ಣಿಗೆ ಕಾಣುವ ಅಲೆ ಎದ್ದಿರುತ್ತದೆ. ಆಗ ಪಕ್ಕೆ ಕೀಳುವಂತಿಲ್ಲ, ಹಲಗೆ ಬಿಡುವಂತಿಲ್ಲ.

ಬದಲಿಗೆ ಹೀಗೆ ಮಾಡಿ. ಪಕ್ಕೆಗಳ ಹೊರ ಅಂಚಿಗೆ ಸೆಲ್ಲೋಟೇಪ್ ಸುತ್ತಿ, ಅಡಿಮರದ ಮೇಲೆ ಅಂಟಿಲ್ಲದೆ ನಿಲ್ಲಿಸಿ. ಮೇಲ್ತುದಿಗಳಿಗೆ ಉದ್ದಕ್ಕೆ ಒಂದು ಪಟ್ಟಿ ಕಟ್ಟಿ ಅಲುಗಾಡದಂತೆ ಮಾಡಿ. ಈಗ ಅವು ಪಕ್ಕೆಗಳಲ್ಲ, ಬರೀ ಅಚ್ಚು. ಅಡಿಮರವನ್ನು 18 ಮಿ.ಮೀ. ಬ್ಲಾಕ್‌ಬೋರ್ಡಿನ ಮೇಲೆ ಕೊರೆದ ತೋಡಿನಲ್ಲಿ ಕೂರಿಸಿ, ನಿಲುಮರ ಎರಡನ್ನೂ ಗುಣಿಕೋಲಿನಿಂದ ನೆಟ್ಟಗೆ ನೋಡಿ ಬಿಗಿಯಿರಿ. ದಾರ ಎಳೆದು ಮೂತಿಯಿಂದ ಬಾಲದವರೆಗೆ ನಡುಗೆರೆ ಸರಿಯಿದೆಯೇ ನೋಡಿ. ಇಲ್ಲಿ 1 ಮಿ.ಮೀ. ಬಿಟ್ಟರೆ ಮುಂದೆ ಯಾರಿಂದಲೂ ಸರಿಪಡಿಸಲಾಗದು.

ಅಡಿಮರಕ್ಕೆ ಅಂಟಿದ ಮೊದಲ ಹಲಗೆಯೇ ಎಲ್ಲಕ್ಕಿಂತ ಹಟಮಾರಿ. ನಡುವಿನಲ್ಲಿ ಬಹುತೇಕ ಮಲಗಿರುತ್ತದೆ, ನಿಲುಮರದ ಹತ್ತಿರ ಬಹುತೇಕ ನಿಂತಿರುತ್ತದೆ. ಅಂದರೆ ಹತ್ತು ಸೆಂಟಿಮೀಟರಿನೊಳಗೆ ಕಾಲು ಸುತ್ತು ತಿರುಚಬೇಕು. ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಕೆಟಲ್ ಆವಿಯ ಮೇಲೆ ತುದಿಯನ್ನು ಹಿಡಿದು ನಿಧಾನ ತಿರುಚಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತಿರುಚಿ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಬಿಚ್ಚಿದಾಗ ಒಂದಿಷ್ಟು ವಾಪಸ್ ಬಂದು ಸರಿಯಾದ ತಿರುವಿನಲ್ಲಿ ನಿಲ್ಲುತ್ತದೆ. ಒದ್ದೆ ಹಲಗೆಗೆ ಅಂಟು ಹಾಕಬೇಡಿ. ಒಣಗಿದಾಗ ಅಗಲ ಕುಗ್ಗಿ ಅಡಿಮರದ ತೋಡಿನಿಂದ ಹೊರಗೆ ಸರಿಯುತ್ತದೆ.

ಎರಡನೆಯ ಹಲಗೆಯಿಂದ ಲ್ಯಾಪಿನ ಕೆಲಸ. ಲ್ಯಾಪ್ ಎಂದರೆ ಮೇಲಿನ ಹಲಗೆ ಕೆಳಗಿನದರ ಅಂಚಿನ ಮೇಲೆ ಏರಿ ಕೂರುವ ಪಟ್ಟಿ. ಕೈಪಿಡಿ 3 ಮಿ.ಮೀ. ಲ್ಯಾಪ್ ಹೇಳುತ್ತದೆ, ಅದು 1:20ಕ್ಕೆ ಒರಟು. 2 ಮಿ.ಮೀ. ಸಾಕು. ಹಾಗೆ ಮಾಡಿದರೆ ಪ್ರತಿ ಹಲಗೆಯಲ್ಲಿ 1 ಮಿ.ಮೀ. ಉಳಿಯುತ್ತದೆ, ಮೇಲಿನ ಹಲಗೆಯ ಮೇಲಂಚಿನಲ್ಲಿ ಅಷ್ಟನ್ನು ರಂದಾ ಹೊಡೆದು ತೆಗೆಯಿರಿ. ಕೆಳ ಹಲಗೆಯ ಮೇಲಂಚಿಗೆ 2 ಮಿ.ಮೀ. ಅಗಲ ಗೆರೆ ಹಾಕಿ, ಆ ಪಟ್ಟಿಯನ್ನು ಓರೆಯಾಗಿ ಕೆತ್ತಬೇಕು. ಓರೆ ಎಲ್ಲ ಕಡೆ ಒಂದೇ ಅಲ್ಲ. ನಡುವಿನಲ್ಲಿ ಹೆಚ್ಚು, ತುದಿಗಳತ್ತ ಕಡಿಮೆ. ಸಣ್ಣ ಪಟ್ಟಿಯೊಂದನ್ನು ಮುಂದಿನ ಮೆಟ್ಟಿಲಿನಿಂದ ಕೆಳ ಹಲಗೆಯ ಮೇಲೆ ಒರಗಿಸಿ ನೋಡಿ, ಬೆಳಕು ತೂರದಿದ್ದರೆ ಓರೆ ಸರಿ. ನಾರ್ವೆಯ ಬಡಿಗರೂ ನಕ್ಷೆ ಇಟ್ಟುಕೊಳ್ಳುತ್ತಿರಲಿಲ್ಲ. ಪ್ರತಿ ಹಲಗೆ ಯಾವ ಕೋನದಲ್ಲಿ ನಿಲ್ಲಬೇಕೆಂಬುದನ್ನು ಒಂದು ಅಳತೆಯ ಸಾಧನದಿಂದ ನೋಡಿ, ಉಳಿದದ್ದನ್ನು ಕಣ್ಣಿಗೆ ಬಿಡುತ್ತಿದ್ದರು. ಕೊನೆಯ 2 ಸೆಂಟಿಮೀಟರಿನಲ್ಲಿ ಲ್ಯಾಪ್ ನಿಧಾನವಾಗಿ ತೆಳುವಾಗಿ, ನಿಲುಮರಕ್ಕೆ ಬರುವಾಗ ಎರಡೂ ಹಲಗೆ ಸಮತಟ್ಟಾಗಿ ಸೇರಬೇಕು. ಇದನ್ನು ಕೈಪಿಡಿ ಹೇಳುವುದೇ ಇಲ್ಲ. ಮೂತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಮಾದರಿಗಳನ್ನು ನೋಡಿದರೆ ಈ ಹಂತ ಬಿಟ್ಟಿದ್ದಾರೆಂದು ತಿಳಿಯಿರಿ.

ಎಡಕ್ಕೊಂದು, ಬಲಕ್ಕೊಂದು ಸರದಿಯಲ್ಲೇ ಹೊದಿಸಿ. ಒಂದೇ ಬದಿಯನ್ನು ಮೊದಲು ಮುಗಿಸಿದರೆ ಅಂಟು ಒಣಗುವ ಎಳೆತಕ್ಕೆ ಅಡಿಮರವೇ ಬಾಳೆಹಣ್ಣಿನಂತೆ ಬಾಗುತ್ತದೆ. ಪ್ರತಿ ಹಲಗೆ ಕೂತ ಮೇಲೆ ಕೈವಾರದಿಂದ ಒಂಬತ್ತೂ ಅಚ್ಚಿನ ಹತ್ತಿರ ಎರಡೂ ಬದಿಯ ಎತ್ತರ ಅಳೆಯಿರಿ. ಅರ್ಧ ಮಿ.ಮೀ. ಒಳಗಿದ್ದರೆ ಮುಂದುವರಿಯಿರಿ. ಹಿಡಿಯಲು ಬಟ್ಟೆ ಒಣಹಾಕುವ ಮರದ ಕ್ಲಿಪ್ 40 ಬೇಕು. ಎರಡು ಕಡ್ಡಿಗಳನ್ನು ಬಿಡಿಸಿ ಬೆನ್ನಿಗೆ ಬೆನ್ನು ಮಾಡಿ ಮತ್ತೆ ಸ್ಪ್ರಿಂಗ್ ಹಾಕಿದರೆ ಉದ್ದ ಬಾಯಿಯ ಕ್ಲಿಪ್ ಆಗುತ್ತದೆ, ಅಗಲ ಹಲಗೆಯ ಮೇಲಿಂದ ಲ್ಯಾಪಿಗೆ ಮುಟ್ಟುತ್ತದೆ.

ಮರ ಮುರಿಯುವುದು ಎಲ್ಲಿ? ನಾಲ್ಕನೆಯ ಮತ್ತು ಐದನೆಯ ಹಲಗೆಗಳ ತುದಿಯಲ್ಲಿ, ಪ್ರತಿ ಸಲ. ಹಲಗೆ ತುದಿಯಲ್ಲಿ ಮೇಲಕ್ಕೆ ತಿರುಗುತ್ತದೆ, ಆದರೆ ಅದನ್ನು ನೇರ ಎಳೆಯ ಹಾಳೆಯಲ್ಲಿ ಕತ್ತರಿಸಿದ್ದಾರೆ. ತಿರುವಿನಲ್ಲಿ ಎಳೆ ಅಡ್ಡಕ್ಕೆ ಬಂದು ಬಿಸ್ಕತ್ತಿನಂತೆ ಪಟಕ್ಕನೆ ಮುರಿಯುತ್ತದೆ. ಉಪಾಯ ಮೂಲ ದೋಣಿಯಲ್ಲಿಯೇ ಇದೆ: ಅಲ್ಲಿ ಹಲಗೆ ತುದಿಯಿಂದ ತುದಿಗೆ ಒಂದೇ ತುಂಡಾಗಿರಬೇಕೆಂದಿಲ್ಲ, ಓರೆಗೂಡು ಹಾಕಿ ಜೋಡಿಸುತ್ತಿದ್ದರು. ಹಾಳೆಯ ಅಂಚಿನಲ್ಲಿ ಉಳಿದ ಮರದಲ್ಲಿ ತುದಿಯ ತುಂಡನ್ನು ಎಳೆ ತಿರುವಿನ ಜೊತೆಗೇ ಹೋಗುವಂತೆ ಬೇರೆ ಕತ್ತರಿಸಿ, ದಪ್ಪದ ಎಂಟು ಪಟ್ಟು ಉದ್ದದ ಓರೆ ಕೆತ್ತಿ ಅಂಟಿಸಿ. ಹೊರಗೆ ಕಾಣುವ ಕೂಡುಗೆರೆ ಬಾಲದ ಕಡೆ ಮುಖ ಮಾಡಿರಲಿ, ಮುಂದೆ ಹೋಗುವ ದೋಣಿಗೆ ನೀರು ಒಳಗೆ ನುಗ್ಗಬಾರದಲ್ಲ. ಪಕ್ಕಪಕ್ಕದ ಹಲಗೆಗಳ ಕೂಡು ಒಂದೇ ಜಾಗದಲ್ಲಿ ಬರದಿರಲಿ.

ಏಳೂ ಮುಗಿದು ಎರಡು ದಿನ ಕಳೆದ ಮೇಲೆ ಅಚ್ಚುಗಳನ್ನು ಮೇಲಕ್ಕೆ ಎಳೆದು ತೆಗೆಯಿರಿ. ಚಿಪ್ಪು ತಾನೇ ನಿಲ್ಲುತ್ತದೆ, ಕೈಯಲ್ಲಿ ಎತ್ತಿದರೆ ಒಣಗಿದ ಸೋರೆಬುರುಡೆಯಷ್ಟು ಹಗುರ. ಈಗ ಪಕ್ಕೆಗಳ ಟೇಪ್ ಬಿಚ್ಚಿ, ಮೆಟ್ಟಿಲುಗಳನ್ನು ಸಣ್ಣ ಅರದಿಂದ ಚಿಪ್ಪಿನ ನಿಜವಾದ ಆಕಾರಕ್ಕೆ ತಿದ್ದಿ ಒಳಗೆ ಕೂರಿಸಿ. ಮೂಲದಲ್ಲಿ ಇವುಗಳನ್ನು ಜುನಿಪರ್ ಮರದ ಗೂಟಗಳಿಂದ ಹಲಗೆಗೆ ಬಿಗಿಯುತ್ತಿದ್ದರು. ಮಾದರಿಗೆ ಬಿದಿರಿನ ಕಡ್ಡಿ. ಬೆಳಗಾವಿಯ ಶಹಾಪುರದ ಸರಾಫ ಗಲ್ಲಿಯಂಥ ಕಡೆ ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ತಂತಿ ಎಳೆಯುವ ಕಂಬಚ್ಚು ಸಿಗುತ್ತದೆ. ಸೀಳಿದ ಬಿದಿರನ್ನು ದೊಡ್ಡ ಕಣ್ಣಿನಿಂದ ಸಣ್ಣ ಕಣ್ಣಿಗೆ ಎಳೆಯುತ್ತ ಹೋದರೆ 1 ಮಿ.ಮೀ. ದುಂಡು ಗೂಟ ತಯಾರು. ಗೆಣ್ಣು ಇಲ್ಲದ ಭಾಗವನ್ನೇ ಎಳೆಯಿರಿ, ಗೆಣ್ಣು ಕಣ್ಣಿಗೆ ಸಿಕ್ಕರೆ ಕಡ್ಡಿ ಮುರಿಯುತ್ತದೆ.

ರಿವೆಟ್ ವಿಷಯಕ್ಕೆ ಬಂದರೆ ಕಿಟ್ ಕಂಜೂಸಿ ಮಾಡಿದೆ. ಹಿತ್ತಾಳೆ ಪಿನ್ನು 200. ಲೆಕ್ಕ ಹಾಕಿ: ಲ್ಯಾಪಿನ ಸರಾಸರಿ ಉದ್ದ 53 ಸೆಂ.ಮೀ. ಹತ್ತಿರ, 7ರಿಂದ 8 ಮಿ.ಮೀ.ಗೆ ಒಂದು ರಿವೆಟ್ ಹಾಕಿದರೆ ಒಂದು ಲ್ಯಾಪಿಗೆ 70. ಬದಿಗೆ ಆರು ಲ್ಯಾಪ್, ಎರಡು ಬದಿ. ಒಟ್ಟು 840. ಪಿನ್ ಬದಲು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 25 ಗೇಜಿನ ತಾಮ್ರದ ತಂತಿ ಗ್ರಾಂ ಲೆಕ್ಕದಲ್ಲಿ ತನ್ನಿ, ದಪ್ಪ ಅರ್ಧ ಮಿ.ಮೀ. ಇರುತ್ತದೆ. ಮೇಲಿನ ವಾರ್ನಿಷ್ ಪದರವನ್ನು ಪಾಲಿಶ್ ಪೇಪರಿನಿಂದ ಕೆರೆದು ತೆಗೆಯಿರಿ. 0.5 ಮಿ.ಮೀ. ಬಿಟ್‌ನಿಂದ ತೂತು, ತಂತಿ ತೂರಿಸಿ ಹೊರಗೆ ಕಾಲು ಮಿ.ಮೀ. ಬಿಟ್ಟು ಕತ್ತರಿಸಿ, ಹಿಂದೆ ಕಬ್ಬಿಣದ ತುಂಡು ಒತ್ತಿ ಹಿಡಿದು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮೂಲದ ರಿವೆಟ್ ಕಬ್ಬಿಣ, ಒಳಗಡೆ ಚೌಕ ಬಿಲ್ಲೆಯ ಮೇಲೆ ಬಡಿದದ್ದು. ತಾಮ್ರ ಕೆಂಪಗೆ ಹೊಳೆದರೆ ಸುಳ್ಳು ಕಾಣುತ್ತದೆ. ಕತ್ತರಿಸುವ ಮೊದಲೇ ತಂತಿಯನ್ನು ಬಿಸಿಯಾಗಿ ಬೇಯಿಸಿದ ಎರಡು ಮೊಟ್ಟೆಯ ಭಂಡಾರದ ಜೊತೆ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಗಂಧಕದ ಹೊಗೆಗೆ ಕಪ್ಪಾಗುತ್ತದೆ. ತಲೆ ತಟ್ಟಿದಾಗ ಹೊಳಪು ಮತ್ತೆ ಹೊರಬಂದರೆ ಎಣ್ಣೆಯ ಕೈ ಅದನ್ನು ಮುಚ್ಚುತ್ತದೆ. 840 ಬೇಡ ಅನ್ನಿಸಿದರೆ ಮೇಲಿನ ಮೂರು ಲ್ಯಾಪಿಗಷ್ಟೇ ಹಾಕಿ, ಕೆಳಗಿನವು ಸ್ಟ್ಯಾಂಡಿನ ನೆರಳಿನಲ್ಲಿ ಕಾಣುವುದಿಲ್ಲ. ಅದೊಂದು ಕಳ್ಳದಾರಿ, ಆದರೆ ಮರ್ಯಾದೆಯ ಕಳ್ಳದಾರಿ.

ಅಂಟು ಫೆವಿಕಾಲ್ ಸಾಕು. ಫೆವಿಕ್ವಿಕ್ ಹಚ್ಚಿದ ಜಾಗದಲ್ಲಿ ಮರ ಎಣ್ಣೆ ಕುಡಿಯುವುದಿಲ್ಲ, ಬಿಳಿ ಮಚ್ಚೆಯಾಗಿ ಕೊನೆಯವರೆಗೂ ಉಳಿಯುತ್ತದೆ. ಫೆವಿಕಾಲ್ ಉಕ್ಕಿ ಹೊರಬಂದರೂ ಅದೇ ಪಾಡು, ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅಂಟು ಹಚ್ಚಿ ಹಲಗೆ ಎತ್ತುವಷ್ಟರಲ್ಲಿ ಮೇಲೆ ಕೆನೆ ಕಟ್ಟಿರುತ್ತದೆ, ಆ ಕೆನೆಯ ಮೇಲೆ ಒತ್ತಿದ ಲ್ಯಾಪ್ ತಿಂಗಳೊಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಅಂಟಿನ ಹೊತ್ತು, ಫ್ಯಾನ್ ಆರಿಸಿ.

ಬೆಳಗಾವಿಯ ತೊಂದರೆ ಇದರ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಗಾಳಿಯ ತೇವ ಕುಡಿದು ಅಗಲಕ್ಕೆ ಹಿಗ್ಗಿರುತ್ತದೆ. ಆಗ ಕಟ್ಟಿದ ಚಿಪ್ಪು ಮಾರ್ಚ್‌ನಲ್ಲಿ ಕುಗ್ಗಿ ಮೂತಿಯಲ್ಲಿ ಸೀಳು ಬಿಡುತ್ತದೆ. ಹಲಗೆಯ ಕೆಲಸವನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಹಾಯಿ, ಹಗ್ಗ, ಹುಟ್ಟು ಉಳಿಸಿಕೊಳ್ಳಿ. ಪಾರ್ಸೆಲ್ ಬಂದ ಕೂಡಲೇ ಹಾಳೆಗಳನ್ನು ಬಿಚ್ಚಿ ಎರಡು ವಾರ ಚಪ್ಪಟೆಯಾಗಿ ಭಾರದ ಕೆಳಗೆ ಇಡುವುದೂ ಒಳ್ಳೆಯದು. ನೀರಿನಲ್ಲೇ ಇರುವ ನಿಜ ದೋಣಿಗೆ ಈ ಚಿಂತೆ ಇಲ್ಲ. ದಡಕ್ಕೆ ಎಳೆದಿಟ್ಟು ಒಣಗಿ ಸಂದು ಬಿಟ್ಟರೂ ಮತ್ತೆ ನೀರಿಗಿಳಿದಾಗ ಹಲಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸಡಿಲಾದ ಬಂಡಿಗಾಲಿಯನ್ನು ಹಳ್ಳದಲ್ಲಿ ನೆನೆ ಇಡುವುದಿಲ್ಲವೇ, ಹಾಗೆ.

ಚುಕ್ಕಾಣಿಯಲ್ಲಿ ಕಿಟ್ ಮಾಡಿದ್ದು ಸರಳ ತಪ್ಪು, ಆದರೆ ಬಲ್ಲವರ ಕಣ್ಣಿಗೆ ಮೊದಲು ಬೀಳುವುದು. ಚುಕ್ಕಾಣಿಯ ತಲೆಯಿಂದ ನೇರ ಮುಂದಕ್ಕೆ ಹಿಡಿಕೆ ಕೊಟ್ಟಿದ್ದಾರೆ. ಈ ದೋಣಿಯ ಹಿಂದಿನ ನಿಲುಮರ ಚುಕ್ಕಾಣಿಗಿಂತ ಎಷ್ಟೋ ಎತ್ತರ. ನೇರ ಹಿಡಿಕೆ ಅದಕ್ಕೇ ಬಡಿಯುತ್ತದೆ. ಆದ್ದರಿಂದ ಮೂಲದಲ್ಲಿ ಚುಕ್ಕಾಣಿಯ ತಲೆಗೆ ಒಂದು ಪಕ್ಕಕ್ಕೆ ಚಾಚಿದ ಗಿಡ್ಡ ತೋಳು, ಆ ತೋಳಿನ ತುದಿಗೆ ಅಲುಗಾಡುವಂತೆ ಕಟ್ಟಿದ ಉದ್ದ ಕೋಲು ಇರುತ್ತದೆ. ನಡೆಸುವವನು ಕೋಲನ್ನು ಮುಂದಕ್ಕೆ ನೂಕಿ, ಹಿಂದಕ್ಕೆ ಎಳೆದು ದೋಣಿ ತಿರುಗಿಸುತ್ತಾನೆ. ಕಿಟ್‌ನ ಹಿಡಿಕೆಯನ್ನೇ 3 ಸೆಂ.ಮೀ.ಗೆ ಕತ್ತರಿಸಿ ಅಡ್ಡಕ್ಕೆ ಸಿಕ್ಕಿಸಿ, 12 ಸೆಂ.ಮೀ. ಬಿದಿರು ಕಡ್ಡಿಯನ್ನು ದಾರದ ಕುಣಿಕೆಯಿಂದ ಜೋಡಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಹುಟ್ಟಿನ ಗೂಟಗಳು ಎರಕದ ಲೋಹದವು, ಎಸೆಯಿರಿ. ಮೂಲದವು ತಾನಾಗಿ ಬಾಗಿ ಬೆಳೆದ ಕೊಂಬೆಯ ಕವಲಿನಿಂದ ಕತ್ತರಿಸಿದ್ದು, ಹುಟ್ಟನ್ನು ಹಗ್ಗದ ಬಳೆಯಲ್ಲಿ ತೂರಿಸಿ ಗೂಟಕ್ಕೆ ಒತ್ತಿ ಎಳೆಯುತ್ತಿದ್ದರು. ಜಾಲಿಯ ಎಳೆ ಕೊಂಬೆಯ ಕವಲು ಈ ಅಳತೆಗೆ ಹೇಳಿ ಮಾಡಿಸಿದಂತಿದೆ, ನಮ್ಮ ಕಡೆ ಜಾಲಿಗೆ ಬರವೇ. ಒಂದು ತಿಂಗಳು ನೆರಳಿನಲ್ಲಿ ಒಣಗಿಸಿ ಕತ್ತರಿಸಿ.

ಕ್ಯಾಬಿನ್ ಅಂಟಿಸಬೇಡಿ. ಫೆಂಬೋರಿಂಗ್‌ನ ಹಿಂಭಾಗದ ಗೂಡು ಕಿತ್ತಿಡಬಹುದಾದದ್ದು. ದೂರ ಪ್ರಯಾಣಕ್ಕೆ ಹಾಕುತ್ತಿದ್ದರು, ಮೀನು ಹಿಡಿಯುವ ಜಾಗ ಮುಟ್ಟಿದ ಮೇಲೆ ದಡದಲ್ಲಿಡುತ್ತಿದ್ದರು. ಒಳ ಅಂಚಿಗೆ ಎರಡು ಸಣ್ಣ ಪಟ್ಟಿ ಹೊಡೆದು ಅದರ ಮೇಲೆ ಕೂರುವಂತೆ ಮಾಡಿದರೆ, ನೋಡುವವರಿಗೆ ಎತ್ತಿ ಒಳಗಿನ ಪಕ್ಕೆಗಳನ್ನು ತೋರಿಸಬಹುದು.

ಹಾಯಿ ಒಂದೇ, ಚೌಕದ್ದು, ಮೇಲೆ ಸ್ವಲ್ಪ ಕಿರಿದು. ಕಿಟ್‌ನಲ್ಲಿ ಬಿಳಿ ಹತ್ತಿ ಬಟ್ಟೆಯ ಮೇಲೆ ಹೊಲಿಗೆಯ ಗೆರೆಗಳನ್ನು ಅಚ್ಚು ಹಾಕಿದ್ದಾರೆ, ಆ ಗೆರೆ ಕಡುಗಂದು, ಪೆನ್ಸಿಲಿನಿಂದ ಗೀಚಿದಂತೆ. ತೆಳು ಮಲ್ ಬಟ್ಟೆಯನ್ನು 3 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ ಹೊಲಿದು, ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದರೆ ನಿಜಕ್ಕೆ ಹತ್ತಿರ. ಹಳೆಯ ಕಾಲದ ಹಾಯಿ ಉಣ್ಣೆಯದು, ಹತ್ತಿ ಆಮೇಲೆ ಬಂತು. ಕೊಬ್ಬು, ಟಾರು ಬಳಿದ ಉಣ್ಣೆ ಗಾಳಿ ಹಿಡಿಯುತ್ತದೆ, ನೀರು ತಡೆಯುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಂಬಳಿಯ ನೂಲು ಈ ಅಳತೆಗೆ ಬಹಳ ದಪ್ಪ, ಆದರೆ ಕಂಬಳಿ ನೇಯುವವರ ಇನ್ನೊಂದು ಸಾಮಾನು ಕೆಲಸಕ್ಕೆ ಬರುತ್ತದೆ: ಹುಣಸೆ ಬೀಜದ ಸರಿ. ತೆಳ್ಳಗೆ ಕುದಿಸಿ ಹಾಯಿಗೆ ಸವರಿ, ಒಂದು ಬುಟ್ಟಿಯ ಉಬ್ಬಿನ ಮೇಲೆ ಹರಡಿ ಒಣಗಿಸಿದರೆ ಗಾಳಿ ತುಂಬಿದಂತೆ ಉಬ್ಬಿ ನಿಲ್ಲುತ್ತದೆ, ಫೆವಿಕಾಲ್ ನೀರಿನಂತೆ ಮಿಂಚುವುದಿಲ್ಲ. ಜಿರಲೆ ತಿನ್ನದಂತೆ ಸರಿಗೆ ಮೈಲುತುತ್ತ ಒಂದು ಚಿಟಿಕೆ ಹಾಕಿ, ಅದು ವಿಷ, ಅಡುಗೆ ಪಾತ್ರೆ ಬೇಡ. ಹಗ್ಗಕ್ಕೆ ಕೊಟ್ಟ ನೈಲಾನ್ ದಾರ ಗಂಟು ನಿಲ್ಲುವುದಿಲ್ಲ. ಚಪ್ಪಲಿ ಹೊಲಿಯುವ ಮೇಣದ ದಾರ ವಾಸಿ.

ಮೀನಿನ ಸಾಮಾನೂ ಕೊಟ್ಟಿದ್ದಾರೆ. ರಾಳದಲ್ಲಿ ಎರಕ ಹೊಯ್ದ ಕಾಡ್ ಮೀನು ಆರು, ಉದ್ದ 9 ಸೆಂ.ಮೀ. ಇಪ್ಪತ್ತರಿಂದ ಗುಣಿಸಿ ನೋಡಿ, 1.8 ಮೀಟರ್. ಹಿಡಿದವನಿಗಿಂತ ಮೀನೇ ಎತ್ತರ. 4ರಿಂದ 5 ಸೆಂ.ಮೀ.ನವು ಮಣ್ಣಿನಲ್ಲಿ ಮಾಡಿಕೊಳ್ಳಿ. ಬಲೆಯ ತೇಲುಗಳಿಗೆ ನಾರ್ವೆಯವರು 1840ರ ದಶಕದಿಂದ ಗಾಜಿನ ಗುಂಡು ಬಳಸತೊಡಗಿದರು, 6 ಮಿ.ಮೀ. ಹಸಿರು ಗಾಜಿನ ಮಣಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ಖಡೇ ಬಜಾರಿನಲ್ಲಿ ಮಾಲೆ ಲೆಕ್ಕದಲ್ಲಿ ಸಿಕ್ಕೀತು.

ಕೊನೆಯ ಕೈ ಎಣ್ಣೆ. ನಿಜ ದೋಣಿಗೆ ಪೈನ್ ಬೇರಿನಿಂದ ಇಳಿಸಿದ ಟಾರು. ರಸ್ತೆಯ ಡಾಂಬರು ಇದಲ್ಲ, ಕರಗಿಸಿ ಬಳಿದರೆ ಕರ್ರಗಾಗುತ್ತದೆ, ಬೇಸಿಗೆಯಲ್ಲಿ ಬೆರಳಿಗೆ ಅಂಟುತ್ತದೆ. ಕುದುರೆಯ ಗೊರಸಿಗೆ ಹಚ್ಚುವ ಸ್ಟಾಕ್‌ಹೋಮ್ ಟಾರು ಸಿಕ್ಕರೆ ಒಂದು ಭಾಗಕ್ಕೆ ಮೂರು ಭಾಗ ಅಗಸೆ ಎಣ್ಣೆ ಸೇರಿಸಿ ಹಚ್ಚಿ. ಸಿಗದಿದ್ದರೆ ಅಗಸೆ ಎಣ್ಣೆ ಎರಡು ಭಾಗ, ಟರ್ಪೆಂಟೈನ್ ಒಂದು ಭಾಗ, ಕಂದು ಅಂಬರ್ ಪುಡಿ ಚಿಟಿಕೆ. ಎಚ್ಚರ, ಗಾಣದಲ್ಲಿ ತೆಗೆದ ಅಗಸಿ ಎಣ್ಣೆ ಚಟ್ನಿಗೆ ಚೆನ್ನ, ಇಲ್ಲಿ ವಾರಗಟ್ಟಲೆ ಜಿಡ್ಡಾಗಿಯೇ ಇರುತ್ತದೆ. ಬಣ್ಣದ ಅಂಗಡಿಯ ‘ಬಾಯಿಲ್ಡ್’ ಎಣ್ಣೆ ತಗೊಳ್ಳಿ. ತೆಳ್ಳಗೆ ಮೂರು ಕೈ, ನಡುವೆ ಎರಡೆರಡು ದಿನ, ಪ್ರತಿ ಸಲ ಹಚ್ಚಿದ ಕಾಲು ಗಂಟೆಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಬೆಲೆ ಕೇಳಿದರೆ ಹುಬ್ಬೇರುತ್ತದೆ. ಯುರೋಪಿನಿಂದ ಬರುವ ಮಾದರಿ ಕಿಟ್‌ಗಳು ಆಟಿಕೆಯ ಶಿರೋನಾಮೆಯಲ್ಲಿ ಬರುತ್ತವೆ, 2023ರ ಬಜೆಟ್ ಆಟಿಕೆಯ ಮೂಲ ಆಮದು ಸುಂಕವನ್ನು ಶೇ 60ರಿಂದ 70ಕ್ಕೆ ಏರಿಸಿತು. ಅದರ ಮೇಲೆ ಜಿಎಸ್‌ಟಿ. ಪಟ್ಟಿಯಲ್ಲಿ ಕಂಡ ಬೆಲೆ ಮನೆ ಬಾಗಿಲಿಗೆ ಬರುವಾಗ ಸರಿಸುಮಾರು ದುಪ್ಪಟ್ಟು ಎಂದೇ ಹಿಡಿಯಿರಿ. ಇಷ್ಟು ಕೊಟ್ಟು ಪಕ್ಕೆಗೆ ಪ್ಲೈವುಡ್, ಹಗ್ಗಕ್ಕೆ ನೈಲಾನ್, ಪಿನ್ನು 200 ಎಂದರೆ ಸಿಟ್ಟು ಬರುವುದು ಸಹಜ. ಆದರೂ ಏಳು ಹಲಗೆಗಳ ಆಕಾರವನ್ನು ಸರಿಯಾಗಿ ಬಿಡಿಸಿ ಕತ್ತರಿಸಿ ಕೊಟ್ಟಿದ್ದಾರಲ್ಲ, ಸ್ವಂತ ಬಿಡಿಸಲು ಹೊರಟರೆ ಅದಕ್ಕೇ ತಿಂಗಳು ಬೇಕು. ಹಣ ಅದಕ್ಕೆ. ದಿನಕ್ಕೆ ಒಂದೂವರೆ ಗಂಟೆ ಕೂತರೆ ಹಲಗೆಯ ಕೆಲಸ ಎರಡು ತಿಂಗಳು, ರಿವೆಟ್ ಪೂರ್ತಿ ಹಾಕಿದರೆ ಇನ್ನೊಂದು, ಉಳಿದದ್ದು ಒಂದು. ಮೊದಲ ಮರದ ಮಾದರಿಯಾಗಿ ಇದನ್ನು ಎತ್ತಿಕೊಳ್ಳಬೇಡಿ. ಸಣ್ಣ ಫೇರಿಂಗ್ ಒಂದನ್ನು ಕಟ್ಟಿ ಲ್ಯಾಪ್ ಓರೆ ಕೈಗೆ ಬಂದ ಮೇಲೆ ಇದಕ್ಕೆ ಕೈ ಹಾಕಿ. ಹಲಗೆಯೊಂದು ಮುರಿದರೆ ಹಾಳೆಯೊಂದನ್ನೇ ಬಿಡಿಯಾಗಿ ತರಿಸಿಕೊಳ್ಳಬಹುದು, ಆದರೆ ಅದಕ್ಕೂ ಸುಂಕ, ಸಾಗಣೆ ಪ್ರತ್ಯೇಕ. ಆದ್ದರಿಂದ ಕತ್ತರಿಸುವ ಮೊದಲೇ ಎಲ್ಲ ಹಾಳೆಗಳನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿಟ್ಟುಕೊಳ್ಳಿ.

ಮುಗಿದ ದೋಣಿಯ ಉದ್ದ 60 ಸೆಂ.ಮೀ., ಹಾಯಿ ಎತ್ತಿದರೆ ಎತ್ತರ ಅರ್ಧ ಮೀಟರಿಗೂ ಮೇಲೆ. ಟಿವಿ ಸ್ಟ್ಯಾಂಡಿನ ಮೇಲೆ ಹಿಡಿಸುವುದಿಲ್ಲ. ಗಾಜಿನ ಪೆಟ್ಟಿಗೆ ಮಾಡಿಸುವುದಾದರೆ ಕೆಳಗೆ ಗಾಳಿಯಾಡಲು ನಾಲ್ಕು ತೂತು ಬಿಡಿಸಿ, ಪೂರ್ತಿ ಮುಚ್ಚಿದರೆ ಎಣ್ಣೆಯ ಹಸಿ ಗಾಜಿಗೆ ಮಂಜಾಗಿ ಕೂರುತ್ತದೆ. ಪಶ್ಚಿಮದ ಕಿಟಕಿಯ ಬಿಸಿಲು ತಾಗದ ಗೋಡೆ ನೋಡಿ.